ಟೈಲರ್‌ಗಳ 2000 ರೂಪಾಯಿ ಲಾಕ್‌ಡೌನ್ ಪರಿಹಾರ: ಮನೇಲೇ ಹೊಲಿಯೋರಿಗೆ ಸಿಗುತ್ತಾ?

ಕಲ್ಪತರು_ಮಗಳು (ಜೂನ್ 2021)
ಎಲ್ಲರಿಗೂ ನಮಸ್ತೆ. ನಮ್ಮಮ್ಮ ಇಪ್ಪತ್ತು ವರ್ಷದಿಂದ ಮನೇಲೇ ಬ್ಲೌಸ್ ಹೊಲಿತಾರೆ, ಜೊತೆಗೆ ಫಾಲ್, ಪೀಕೋ. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ನಡುಮನೆ ಕಿಟಕಿ ಪಕ್ಕ ಒಂದು ಮಿಷನ್ ಅಷ್ಟೇ. ಏಪ್ರಿಲ್ 27ಕ್ಕೆ ಕರ್ಫ್ಯೂ ಶುರುವಾಯ್ತಲ್ಲ, ಸರಿಯಾಗಿ ಲಗ್ನದ ಸೀಸನ್ನು, ಹೊಲಿದಿಟ್ಟಿರೋ ಬ್ಲೌಸನ್ನೂ ಯಾರೂ ತಗೊಂಡೋಗಿಲ್ಲ, ಮದುವೆನೇ ಮುಂದಕ್ಕೋಯ್ತು ದುಡ್ಡು ಆಮೇಲೆ ಕೊಡ್ತೀವಿ ಅಂತಾರೆ, ಅವರನ್ನಾದ್ರೂ ಏನಂತ ಕೇಳೋದು. ಮೇ 19ಕ್ಕೆ ಯಡಿಯೂರಪ್ಪನವರು ಹೇಳಿದ 1250 ಕೋಟಿ ಪ್ಯಾಕೇಜಲ್ಲಿ ಟೈಲರ್‌ಗೂ 2000 ಇದೆ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಅರ್ಜಿ ಹಾಕೋಣ ಅಂತ ಕೂತ್ರೆ ಉದ್ಯೋಗ ಪ್ರಮಾಣ ಪತ್ರ ಕೇಳ್ತಿದೆ. ಅದಕ್ಕೆ ಪಂಚಾಯ್ತಿಗೆ ಹೋದ್ರೆ "ಅಂಗಡಿ ಎಲ್ಲಮ್ಮ, ಲೈಸೆನ್ಸ್ ಎಲ್ಲಿ" ಅಂದ್ರಂತೆ. ಅಮ್ಮ ಏನೂ ಮಾತಾಡದೆ ವಾಪಸ್ ಬಂದ್ಬಿಟ್ರು, ಬೇಡ ಬಿಡು ಅಂತಿದಾರೆ. ಮನೇಲಿ ಹೊಲಿಯೋರು ಟೈಲರ್ ಅಲ್ವಾ? ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ ಪ್ಲೀಸ್.

ಹುಬ್ಬಳ್ಳಿ_ಆಟೋ
ತಂಗಿ, ಅವ್ವಾರನ್ನ ಬ್ಯಾಡ ಅನ್ನಾಕ ಬಿಡಬ್ಯಾಡ್ರಿ. ಆ ಪತ್ರದ ಜೋಡಿ ಇನ್ನೊಂದ್ ಈಗ್ಲೇ ನೋಡ್ಕೋರಿ, ಆಧಾರ್ ಯಾವ ಅಕೌಂಟಿಗೆ ಲಿಂಕ್ ಐತಿ ಅಂತ. ಹ್ವಾದ ವರ್ಷ ಆಟೋದವ್ರಿಗೆ ಕೊಟ್ಟ 5000ಕ್ಕ ನಮ್ಮಪ್ಪನೂ ಅರ್ಜಿ ಹಾಕಿದ್ರು, ಅಪ್ರೂವ್ ಅಂತ ಮೆಸೇಜ್ ಬಂತು, ರೊಕ್ಕ ಬರ್ಲಿಲ್ಲ. ಎರಡ್ ತಿಂಗಳು ಪಾಸ್‌ಬುಕ್ ಹಿಡ್ಕೊಂಡು ಬ್ಯಾಂಕಿನ ಮುಂದ ಪಾಳಿ ಹಚ್ಚಿದ್ರಿ, ಮಾಸ್ಕ್ ಒಳಗ ಬೆವರು ಇಳೀತಿತ್ತು, ಎಂಟ್ರಿ ಮಾಡ್ಸಿದ್ರ ಅದ ಹಳೇ ಬ್ಯಾಲೆನ್ಸ. ಕಡೀಕ ಗೊತ್ತಾತು, ಯಾವಾಗೋ ಗ್ಯಾಸ್ ಸಬ್ಸಿಡಿಗಂತ ಬ್ಯಾರೆ ಬ್ಯಾಂಕಿನ್ಯಾಗ ತಗದಿದ್ದ ಅಕೌಂಟಿಗೆ ಹೋಗಿ ಕುಂತಿತ್ತು. ಆಧಾರ್ ಮ್ಯಾಲೆ ಬರೋ ರೊಕ್ಕ ಕಡೀಕ ಯಾವ ಬ್ಯಾಂಕಿಗೆ ಜೋಡಿಸಿರ್ತೀವೋ ಅಲ್ಲಿಗೇ ಹೋಗ್ತೈತಿ, ನೀವು ದಿನಾ ಬಳಸೋ ಅಕೌಂಟ್ ಯಾವ್ದು ಅಂತ ಅದಕ್ಕೇನ್ ಗೊತ್ತು. ಆಧಾರ್ ಕೊಡೋ ಯುಐಡಿಎಐ ವೆಬ್‌ಸೈಟಿನ್ಯಾಗ ಬ್ಯಾಂಕ್ ಲಿಂಕ್ ಸ್ಟೇಟಸ್ ತೋರಿಸ್ತೈತ್ರಿ, ಓಟಿಪಿ ಬರಾಕ ಆಧಾರಿಗೆ ಕೊಟ್ಟ ಮೊಬೈಲ್ ಕೈಯಾಗ ಇರ್ಬೇಕು ಅಷ್ಟ.

ಪಂಚಾಯ್ತಿ_ಕಂಪ್ಯೂಟರ್
ನಾನು ಬೇರೆ ಜಿಲ್ಲೆ ಪಂಚಾಯ್ತಿಲಿ ಡೇಟಾ ಎಂಟ್ರಿ ಕೆಲಸ ಮಾಡೋದು. ಆ 2000 ಹನ್ನೊಂದು ಕಸುಬಿನವರಿಗೆ: ಕ್ಷೌರಿಕರು, ಅಗಸರು, ಟೈಲರು, ಹಮಾಲಿ, ಚಿಂದಿ ಆಯೋರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್, ಕಮ್ಮಾರರು, ಮನೆಕೆಲಸದವರು, ಚಮ್ಮಾರರು. ಇದರಲ್ಲಿ ಚಿಂದಿ ಆಯೋರಿಗೆ, ಮನೆಕೆಲಸದವರಿಗೆ ಎಲ್ಲಿಂದ ಅಂಗಡಿ ಬರುತ್ತೆ ಹೇಳಿ, ಅಂದ್ಮೇಲೆ ಟೈಲರ್ ಹತ್ರ ಮಾತ್ರ ಅಂಗಡಿ ಕೇಳೋದು ಸರಿಯಲ್ಲ. ಅಮ್ಮನ ಹತ್ರ ಅಳತೆ ಬುಕ್ಕು ಇದ್ದೇ ಇರುತ್ತಲ್ಲ? ಅದನ್ನ ತಗೊಂಡು ಹೋಗಿ, ಹೊಲಿಗೆ ಹಾಕ್ಸೋ ಅಕ್ಕಪಕ್ಕದ ಇಬ್ಬರನ್ನೂ ಕರ್ಕೊಂಡು ಹೋಗಿ, ಕೌಂಟರಲ್ಲಿ ಕೂತಿರೋರನ್ನ ಬಿಟ್ಟು ನೇರ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರನೇ ಮಾತಾಡಿ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಅವರು ಕೋವಿಡ್ ಡ್ಯೂಟಿ ಅಂತ ಹೊರಟೋಗ್ತಾರೆ.

ಮಂಡ್ಯದವನು
ಅಕ್ಕ ನಿಮ್ಮಮ್ಮಂಗೆ ಆಗಿರೋದು ಸುಮಾರು ಜನಕ್ಕೆ ಆಗದೆ. 2020ರ ಮೇನಲ್ಲಿ ಲಾಕ್‌ಡೌನ್ ಪರಿಹಾರ ಘೋಷಣೆ ಮಾಡ್ದಾಗ ಆಟೋ ಟ್ಯಾಕ್ಸಿ ಡ್ರೈವರ್‌ಗಳು 7,75,000 ಜನ ಅಂದಿದ್ರು. ಈ ವರ್ಷದ ಘೋಷಣೇಲಿ ಅದೇ ಡ್ರೈವರ್‌ಗಳ ಲೆಕ್ಕ 2,10,000, ದುಡ್ಡೂ 5000 ಇದ್ದದ್ದು 3000 ಆಯ್ತು. ಒಂದು ವರ್ಷದಲ್ಲಿ ಐದೂವರೆ ಲಕ್ಷ ಜನ ಸ್ಟೇರಿಂಗ್ ಬಿಟ್ಬುಟ್ರಾ? ನನಗನ್ಸೋದು, ದಿನಾ ದುಡಿದು ತಿನ್ನೋರ ಹತ್ರ ಕಾಗದ ಇರಲ್ಲ, ಕಾಗದ ಇಲ್ದೆ ಸರ್ಕಾರದ ಕಣ್ಣಿಗೆ ಅವರು ಕಾಣಲ್ಲ, ಕಷ್ಟಕಾಲದಲ್ಲಿ ಮೊದ್ಲು ದುಡ್ಡು ಹಾಕಿ ಆಮೇಲೆ ವಿಚಾರಣೆ ಮಾಡ್ಬೇಕಿತ್ತು. ರೇಷನ್ ಕಾರ್ಡ್ ಹೆಂಗೂ ಅವರ ಹತ್ರನೇ ಅದೆ, ಅಕ್ಕಿ ಕೊಡೋಕೆ ಸಾಕಾಗೋ ಕಾರ್ಡು ಎರಡು ಸಾವಿರ ಕೊಡೋಕೆ ಯಾಕೆ ಸಾಕಾಗಲ್ಲ?

ಕಲ್ಪತರು_ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆನೇ ಹೋದ್ವಿ, ಪಕ್ಕದ ಮನೆ ಅಜ್ಜಿನೂ ಬಂದಿದ್ರು, ಎದುರು ಮನೆ ಅತ್ತೆನೂ. ಅಳತೆ ಬುಕ್ಕು ಅಂದ್ರೆ ನಮ್ಮ ತಮ್ಮನ ಹಳೇ ನೋಟ್‌ಬುಕ್ಕು, ಒಂದು ಕಡೆ ಅವನ ಮಗ್ಗಿ, ಇನ್ನೊಂದು ಕಡೆ ತೋಳು, ಸೊಂಟ, ಕತ್ತಿನ ಅಳತೆ. ಪಿಡಿಓ ನಾಲ್ಕೈದು ಪುಟ ತಿರುವಿ ನೋಡಿದ್ರು, ಎಷ್ಟು ವರ್ಷದಿಂದ ಹೊಲಿತೀರಮ್ಮ ಅಂತ ಕೇಳಿದ್ರು, ಸಹಿ ಹಾಕಿ ಸೀಲ್ ಒತ್ತಿ ಕೊಟ್ರು. ಅಮ್ಮ ದಾರಿಯುದ್ದಕ್ಕೂ ಆ ಪತ್ರ ಸೆರಗಲ್ಲಿ ಮುಚ್ಕೊಂಡು ಬಂದ್ರು, ಮಳೆ ಹನೀತಿತ್ತು. ರಾತ್ರಿನೇ ಅರ್ಜಿ ಹಾಕಿದೀನಿ. ಹುಬ್ಬಳ್ಳಿ ಅಣ್ಣ, ನೀವು ಹೇಳಿದ್ದು ಒಳ್ಳೇದಾಯ್ತು, ಆಧಾರ್ ನೋಡಿದ್ರೆ ಲಿಂಕ್ ಆಗಿರೋದು ಅಮ್ಮ ಮರೆತೇಹೋಗಿದ್ದ ಜನಧನ್ ಅಕೌಂಟಿಗೆ! ಹೋದ ವರ್ಷ ಏಪ್ರಿಲ್‌ನಿಂದ ಮೂರು ತಿಂಗಳು ಹೆಂಗಸರ ಜನಧನ್ ಅಕೌಂಟಿಗೆ ಕೇಂದ್ರದವರು ತಲಾ 500 ಹಾಕಿದ್ರಲ್ಲ, ಅದೂ ಅಲ್ಲೇ ಇರಬಹುದು. ಟ್ರಂಕಲ್ಲಿ ಪಾಸ್‌ಬುಕ್ ಹುಡುಕ್ತಾ ಇದೀವಿ, ಸೋಮವಾರ ಬ್ಯಾಂಕಿಗೆ ಹೋಗಿ ಬಂದು ಹೇಳ್ತೀನಿ.