ಕೊತ್ತಂಬರಿ ತರಲು ಹೋದವನು

ಸೋಮವಾರ ಬೆಳಿಗ್ಗೆ ನಾನು ಹೋಟೆಲಿನೊಳಗೆ ಕಾಲಿಟ್ಟಾಗ ಮೂವರೂ ಆಗಲೇ ಬಂದು ಕುಳಿತಿದ್ದರು. ಮೇಷ್ಟರು, ವಕೀಲ, ಔಷಧಿ ಅಂಗಡಿಯವನು. ಚಿಕ್ಕಮಗಳೂರಿನಲ್ಲಿ ಕಾಫಿ ಸಿಗದ ಬೀದಿ ಇಲ್ಲ. ಆದರೂ ನಾವು ವರ್ಷಗಟ್ಟಲೆಯಿಂದ ಇದೇ ಮೂಲೆಯ ಮೇಜಿಗೆ ಅಂಟಿಕೊಂಡಿರುವುದಕ್ಕೆ ಕಾರಣ ಕಾಫಿಯಲ್ಲ. ಒಂದು ಲೋಟ ಮುಂದಿಟ್ಟುಕೊಂಡು ಒಂದೂವರೆ ಗಂಟೆ ಕುಳಿತರೂ ಇಲ್ಲಿ ಯಾರೂ ಬಟ್ಟೆ ತಂದು ಮೇಜು ಒರೆಸುವುದಿಲ್ಲ.

"ಏನಯ್ಯಾ, ಕೊತ್ತಂಬರಿ ಸೊಪ್ಪು ಸಿಕ್ಕಿತೆ?" ಎಂದರು ಮೇಷ್ಟರು.

ಸುದ್ದಿ ನನಗಿಂತ ಮೊದಲೇ ಬಂದು ಕುರ್ಚಿ ಹಿಡಿದಿತ್ತು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಒಂದು ಕಟ್ಟು ಕೊತ್ತಂಬರಿಗೆಂದು ಮನೆ ಬಿಟ್ಟ ನಾನು ಹಿಂದಿರುಗಿದ್ದು ರಾತ್ರಿ ಏಳೂವರೆಗೆ. ನಡುವೆ ಮೊಬೈಲ್ ಸತ್ತಿತ್ತು. ನನ್ನ ಹೆಂಡತಿ ಈ ಮೂವರಿಗೂ ಫೋನ್ ಮಾಡಿದ್ದಳು.

"ನಾನು ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರನ್ನೆಲ್ಲ ವಿಚಾರಿಸಿದೆ" ಎಂದ ಔಷಧಿ ಅಂಗಡಿಯವನು, ಗಾಯಗೊಂಡ ದನಿಯಲ್ಲಿ. "ಚೀಲ ಹಿಡಿದ, ತಲೆ ಕೂದಲು ಉದುರಿದ, ಚೌಕಾಸಿ ಮಾಡುವ ಒಬ್ಬ ಮನುಷ್ಯ ಬಂದಿದ್ದನೇ ಎಂದು. ಪ್ರತಿಯೊಬ್ಬರೂ 'ಬಂದಿದ್ದರು' ಎಂದರು. ಒಬ್ಬಳಂತೂ 'ಹನ್ನೆರಡು ಜನ ಬಂದಿದ್ದರು, ನಿಮಗೆ ಯಾರು ಬೇಕು?' ಎಂದಳು."

"ಎಲ್ಲಿಗೆ ಹೋಗಿದ್ದೆ, ಅದನ್ನು ಹೇಳು" ಎಂದ ವಕೀಲ.

"ಅಯ್ಯನಕೆರೆಗೆ."

ಮೂವರೂ ಲೋಟ ಕೆಳಗಿಟ್ಟರು. ಅಯ್ಯನಕೆರೆ ಎಂಬ ಹೆಸರು ನಮ್ಮ ಮೇಜಿನ ಮೇಲೆ ಸುಮ್ಮನೆ ಎತ್ತುವ ಹೆಸರಲ್ಲ. ಮೂರು ವರ್ಷಗಳಿಂದ ನಾವು ನಾಲ್ವರೂ ಅಲ್ಲಿಗೆ ಚಾರಣ ಹೊರಟೇ ಇದ್ದೇವೆ. ಮೊದಲ ವರ್ಷ ಬುತ್ತಿಗೆ ಪುಳಿಯೋಗರೆಯೋ ಚಿತ್ರಾನ್ನವೋ ಎಂಬಲ್ಲಿ ಮುರಿದು ಬಿತ್ತು. ಎರಡನೆಯ ವರ್ಷ ಕಾರು ಗೊತ್ತು ಮಾಡಿದೆವು. ಮುಂದಿನ ಸೀಟಿಗೆ ಮೂವರು ಅಭ್ಯರ್ಥಿಗಳು, ಮೂವರಿಗೂ ವಾಂತಿಯ ಕಾರಣ. ಮೂರನೆಯ ವರ್ಷ ವಾಟ್ಸ್‌ಆಪ್ ಗುಂಪು ಮಾಡಿದೆವು. ಆ ಗುಂಪಿನಲ್ಲಿ ಈಗ ಗುಲಾಬಿ ಹೂವಿನ ಚಿತ್ರದ ಶುಭೋದಯ ಬಿಟ್ಟರೆ ಬೇರೇನೂ ಅರಳುವುದಿಲ್ಲ.

"ನಮ್ಮನ್ನು ಬಿಟ್ಟು?" ಎಂದರು ಮೇಷ್ಟರು.

"ಬೇಕೆಂದು ಬಿಡಲಿಲ್ಲ. ಬಸ್ ನಿಲ್ದಾಣದ ಮುಂದೆ ಹೋಗುತ್ತಿದ್ದೆ. ಕಡೂರು ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು."

"ಅದು ಕಾರಣವಲ್ಲ" ಎಂದ ವಕೀಲ.

"ಭಾನುವಾರ ಬೆಳಿಗ್ಗೆ ಕಡೂರು ಬಸ್ಸಿನಲ್ಲಿ ಕಿಟಕಿಯ ಸೀಟು! ಇದಕ್ಕಿಂತ ದೊಡ್ಡ ಕಾರಣ ಬೇಕೆ? ಕುಳಿತೆ. ನಿರ್ವಾಹಕ ಎಲ್ಲಿಗೆ ಎಂದ. ಬಾಯಿ ತಾನಾಗಿ 'ಸಖರಾಯಪಟ್ಟಣ' ಎಂದಿತು. ಚೀಟಿ ಕೈಗೆ ಬಂದ ಮೇಲೆ ಇಳಿದು ಹೋಗುವುದು ಜಿಪುಣತನಕ್ಕೆ ಅವಮಾನ."

ಔಷಧಿ ಅಂಗಡಿಯವನು ವೃತ್ತಿಸಹಜವಾಗಿ ಪಟ್ಟಿ ಬರೆಯುವವನಂತೆ ಕೇಳಿದ: "ಕಾಲಿಗೆ ಏನಿತ್ತು?"

"ಹವಾಯಿ ಚಪ್ಪಲಿ."

"ನೀರು?"

"ಸಖರಾಯಪಟ್ಟಣದಲ್ಲಿ ಒಂದು ಬಾಟಲಿ ಕೊಂಡೆ. ಅರ್ಧ ಲೀಟರು."

"ಒಂದು ಹಗಲಿಗೆ ಅರ್ಧ ಲೀಟರು! ಔಷಧಿ ನುಂಗುವುದಕ್ಕೂ ಸಾಲದು. ಊಟ?"

"ಎರಡು ಬಾಳೆಹಣ್ಣು, ನಾಲ್ಕು ಕಡಲೆ ಮಿಠಾಯಿ."

ಅವನು ಕಣ್ಣು ಮುಚ್ಚಿದ. ಇವನು ಮೂರು ವರ್ಷಗಳಿಂದ ನಮ್ಮ ಚಾರಣಕ್ಕೆಂದು ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಿದ್ಧಪಡಿಸುತ್ತಲೇ ಇದ್ದಾನೆ. ಅದರೊಳಗಿನ ಮಾತ್ರೆಗಳ ಅವಧಿ ಮುಗಿದು ಎರಡು ಸಲ ಬದಲಾಯಿಸಿದ್ದಾನೆ.

ಸಖರಾಯಪಟ್ಟಣದಲ್ಲಿ ಇಳಿದು ಕೆರೆ ಎಷ್ಟು ದೂರ ಎಂದು ಕೇಳಿದೆ. ಅಂಗಡಿಯವರು "ಇಲ್ಲೇ" ಎಂದರು. ಅರ್ಧ ಗಂಟೆ ನಡೆದು ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನನ್ನು ಕೇಳಿದೆ. "ಇಲ್ಲೇ, ಮುಂದೆ" ಎಂದ. ಇನ್ನರ್ಧ ಗಂಟೆಯ ಮೇಲೆ ಒಬ್ಬ ಅಜ್ಜಿ "ಬಂದೇಬಿಟ್ಟಿತಲ್ಲ ಮಗ" ಎಂದರು. ಅಲ್ಲಿಂದಾಚೆಗೂ ಬರಬೇಕಾದಷ್ಟು ಬಾಕಿ ಇತ್ತು. ನಮ್ಮ ಕಡೆಯವರು ದೂರವನ್ನು ಅಳೆಯುವುದು ಕಿಲೋಮೀಟರಿನಲ್ಲಿ ಅಲ್ಲ, ಕನಿಕರದಲ್ಲಿ. ಕೇಳುವವನ ಮುಖ ಬಾಡಿದಷ್ಟೂ ಊರು ಹತ್ತಿರ ಬರುತ್ತದೆ.

"ನೈಸ್ಮಿತ್ ಎಂಬವನೊಬ್ಬ ಇದ್ದ" ಎಂದರು ಮೇಷ್ಟರು. ನಿವೃತ್ತರಾದರೂ ಗಣಿತ ಅವರಿಂದ ನಿವೃತ್ತವಾಗಿಲ್ಲ. "ಸ್ಕಾಟ್ಲೆಂಡಿನವನು. 1892ರಲ್ಲೇ ಲೆಕ್ಕ ಕೊಟ್ಟಿದ್ದಾನೆ. ಮೂರು ಮೈಲಿಗೆ ಒಂದು ಗಂಟೆ. ಬೆಟ್ಟವಾದರೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ ಸೇರಿಸಬೇಕು."

"ಹವಾಯಿ ಚಪ್ಪಲಿಗೆ?"

"ಆ ಮನುಷ್ಯ ಅಷ್ಟು ಕೆಳಮಟ್ಟಕ್ಕೆ ಯೋಚಿಸಿರಲಿಲ್ಲ."

ಕೆರೆಯ ಏರಿ ಹತ್ತಿದಾಗ ಮಾತ್ರ ನಾನು ನಿಂತುಬಿಟ್ಟೆ. ಇದನ್ನು ಹೇಳುವಾಗ ಮೇಜಿನ ಮೇಲೆ ಯಾರೂ ನಗಲಿಲ್ಲ. ಒಂದು ಕಡೆ ತೆಂಗು, ಅಡಿಕೆ, ಗದ್ದೆ. ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ನೀರು. ಅದರ ಅಂಚಿನಿಂದ ಯಾರೋ ಮೊರದಲ್ಲಿ ಅಳೆದು ಸುರಿದ ರಾಗಿಯ ರಾಶಿಯಂತೆ ಚೂಪಾಗಿ ಎದ್ದ ಶಕುನಗಿರಿ. ಹಿಂದೆ ಬಾಬಾಬುಡನ್‌ಗಿರಿಯ ಸಾಲು, ನೀಲಿಯ ಮೇಲೆ ನೀಲಿ. ಬೆಟ್ಟದ ತಲೆ ನೀರಿನಲ್ಲಿ ಕೆಳಮುಖವಾಗಿ ನಿಂತಿತ್ತು. ಒಂದು ನೀರುಕಾಗೆ ಮುಳುಗಿ ಅದನ್ನು ಕಲಕಿತು. ಸ್ವಲ್ಪ ಹೊತ್ತಿಗೆ ಬೆಟ್ಟ ಮತ್ತೆ ತನ್ನನ್ನು ತಾನೇ ಕೂಡಿಸಿಕೊಂಡಿತು. ನಾನು ಒಂದು ಬಾಳೆಹಣ್ಣು ತಿಂದೆ. ಸಿಪ್ಪೆಯನ್ನು ಕೊತ್ತಂಬರಿಯ ಚೀಲಕ್ಕೆ ಹಾಕಿಕೊಂಡೆ. ಅಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳಲಿಲ್ಲ.

"ರುಕ್ಮಾಂಗದ ರಾಯ ಕಟ್ಟಿಸಿದ ಕೆರೆ ಎಂದು ಪ್ರತೀತಿ" ಎಂದರು ಮೇಷ್ಟರು. "ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಜೀರ್ಣೋದ್ಧಾರವೇ ಅಷ್ಟು ಹಳೆಯದು! ಅಲ್ಲಿಂದ ಹೊರಡುವ ನೀರು ವೇದಾ. ಮುಂದೆ ಅವತಿ ಬಂದು ಸೇರಿದರೆ ವೇದಾವತಿ. ಹಿರಿಯೂರಿನ ಮಾರಿಕಣಿವೆಗೆ ಹೋಗುವುದು ಅದೇ ನೀರು."

"ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ" ಎಂದ ವಕೀಲ. "ನಮ್ಮ ಸಿವಿಲ್ ದಾವೆಗಳಿಗಿಂತ ಸ್ವಲ್ಪ ಬೇಗ."

ಮೇಷ್ಟರಿಗೆ ಕೆರೆ ಎಂದರೆ ಕಥೆ ಹೇಳದೆ ತಡೆಯಲಾಗುವುದಿಲ್ಲ. ನಮ್ಮ ನಾಡಿನ ಹಳೆಯ ಕೆರೆಗಳಿಗೆ ಅಂಟಿಕೊಂಡಿರುವ ಆ ಕಥೆ ನಿಮಗೂ ಗೊತ್ತಿರಬಹುದು. ಮಳೆಗಾಲದ ರಾತ್ರಿ, ಕೆರೆ ಉಕ್ಕುತ್ತಿದೆ. ಗಂಗಮ್ಮ ನೀರುಗಂಟಿಯ ಮುಂದೆ ನಿಂತು "ಏರಿ ಒಡೆದು ಹೋಗುತ್ತೇನೆ" ಎನ್ನುತ್ತಾಳೆ. "ತಾಯಿ, ದೊರೆಗೆ ಹೇಳಿ ಬರುತ್ತೇನೆ, ನಾನು ಬರುವವರೆಗೆ ಹೋಗಬೇಡ" ಎಂದು ಅವನು ಮಾತು ತೆಗೆದುಕೊಂಡು ಓಡುತ್ತಾನೆ. ದೊರೆ ಲೆಕ್ಕ ಹಾಕುತ್ತಾನೆ: ಇವನು ಹಿಂದಿರುಗದಿದ್ದರೆ ಅವಳು ಹೋಗುವಂತಿಲ್ಲ. ನೀರುಗಂಟಿಯ ತಲೆ ಹೋಗುತ್ತದೆ. ಗಂಗಮ್ಮ ಇಂದಿಗೂ ಕಾಯುತ್ತಿದ್ದಾಳೆ.

"ಅವಧಿ ನಮೂದಿಸದ ಕರಾರು" ಎಂದ ವಕೀಲ. "ನನ್ನ ಕಕ್ಷಿದಾರಳಾಗಿದ್ದರೆ ಗಂಗಮ್ಮನಿಗೆ ನಾನು ಅಷ್ಟು ಸಡಿಲವಾಗಿ ಮಾತು ಕೊಡಲು ಬಿಡುತ್ತಿರಲಿಲ್ಲ."

"ಇವನೂ ಅದನ್ನೇ ಮಾಡಿದ್ದಾನೆ" ಎಂದ ಔಷಧಿ ಅಂಗಡಿಯವನು. "ಒಲೆಯ ಮೇಲೆ ಸಾರು ಇಟ್ಟ ಹೆಂಡತಿಗೆ 'ಈಗ ಬಂದೆ' ಎಂದು ಹೇಳಿ ಹೊರಟಿದ್ದಾನೆ."

ಏರಿಯ ಕೊನೆಯಿಂದ ಒಂದು ಗಾಡಿದಾರಿ ನೀರಿನ ಪಕ್ಕಪಕ್ಕದಲ್ಲೇ ಮರಗಳೊಳಗೆ ಹೋಗುತ್ತಿತ್ತು. ಅದರಲ್ಲಿ ನಡೆದೆ. ಮತ್ತಿಯ ಮರ, ಮೊಸಳೆಯ ಬೆನ್ನಿನಂಥ ತೊಗಟೆ. ಬಿದಿರು. ಎಲೆ ಕಳಚಿಕೊಂಡು ಹೂವನ್ನಷ್ಟೇ ಉಳಿಸಿಕೊಂಡ ಮುತ್ತುಗ. ಎಲ್ಲೆಲ್ಲೂ ಲಂಟಾನ. ನೀರಿನ ಅಂಚಿನಲ್ಲಿ ಟಿಟ್ಟಿಭವೊಂದು ನನ್ನನ್ನು ಕಂಡದ್ದೇ ತಡ, ಕಾಡಿಗೆಲ್ಲ ಡಂಗುರ ಸಾರಿತು. ನಮ್ಮ ಬೀದಿಯ ಕೊನೆಯ ಮನೆಯವರ ನೆನಪಾಯಿತು.

ಎಲಚಿ ಗಿಡಗಳ ಕೆಳಗೆ ಹಣ್ಣು ಚೆಲ್ಲಿದ್ದವು. ನಾಲ್ಕು ಆರಿಸಿ ಬಾಯಿಗೆ ಹಾಕಿಕೊಂಡೆ. ಐದನೆಯದಕ್ಕೆ ಬಗ್ಗುವಾಗ ಪಕ್ಕದಲ್ಲಿ ಯಾರೋ ಗುದ್ದಲಿಯಿಂದ ಅಗೆದಂತೆ ಬಗೆದ ಹುತ್ತ ಕಾಣಿಸಿತು. ಎಲಚಿ ಹಣ್ಣು, ಗೆದ್ದಲು. ಈ ಎರಡನ್ನೂ ಇಷ್ಟಪಡುವ ಗಿರಾಕಿ ಯಾರು ಎಂದು ನೆನಪಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಕರಡಿ!" ಎಂದರು ಮೂವರೂ.

"ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಮೈಮೇಲೆ ಬರುತ್ತದೆ. ಆದ್ದರಿಂದ ಸದ್ದು ಮಾಡುತ್ತಾ ನಡೆಯಬೇಕು ಎಂದು ಎಲ್ಲೋ ಓದಿದ್ದೆ. ಸದ್ದು ಎಂದರೆ ಏನು ಮಾಡಲಿ? ಹಾಡಲು ಬಾಯಿ ತೆರೆದರೆ ಒಂದು ಸಾಲೂ ಬರಲೊಲ್ಲದು. ಬಂದದ್ದು ಮಗ್ಗಿ."

ಮೇಷ್ಟರ ಮುಖ ಅರಳಿತು. ನನಗೆ ಐದನೆಯ ತರಗತಿಯಲ್ಲಿ ಮಗ್ಗಿ ಕಲಿಸಿದವರು ಅವರೇ; ಬೆರಳ ಗಂಟಿನ ಮೇಲೆ ಗುರುತುಗಳಿವೆ.

"ಹನ್ನೆರಡರ ಮಗ್ಗಿ ಮುಗಿಯುವ ಹೊತ್ತಿಗೆ ಧೈರ್ಯ ಬಂತು. ಹದಿನೈದು ಓಡಿಸಿದೆ. ಹದಿನೇಳಕ್ಕೆ ಬಂದೆ. 'ಹದಿನೇಳು ಏಳಲಿ…' ನಿಂತಿತು. ಮತ್ತೆ ಗಟ್ಟಿಯಾಗಿ 'ಹದಿನೇಳು ಏಳಲಿ…' ಎಂದೆ. ಪೊದೆಯೊಳಗಿನಿಂದ ಗಡುಸಾದ ದನಿ ಬಂತು: 'ನೂರ ಹತ್ತೊಂಬತ್ತು!'"

ಪಕ್ಕದ ಮೇಜಿನವರೂ ಇತ್ತ ತಿರುಗಿದರು.

"ಕರಡಿಯೆ?" ಎಂದ ಔಷಧಿ ಅಂಗಡಿಯವನು. ಅವನು ಬಿ.ಫಾರ್ಮಾ ಓದಿದವನು.

"ಕುರಿ ಕಾಯುವವರು. ಕಂಬಳಿ ಹೊದ್ದು ಕುಳಿತಿದ್ದರು. ನಾನು ಹದಿಮೂರರ ಮಗ್ಗಿಯಲ್ಲೂ ಒಂದು ಕಡೆ ತಪ್ಪಿದ್ದೆನಂತೆ. ವಯಸ್ಸಾದವನು ಎಂದು ಸುಮ್ಮನಿದ್ದರಂತೆ."

"ನನ್ನ ಶಿಷ್ಯ!" ಎಂದು ಮೇಷ್ಟರು ಹಣೆಗೆ ಕೈ ಹಚ್ಚಿದರು. "ಅಯ್ಯನಕೆರೆಯ ತನಕ ಹೋಗಿ ನನ್ನ ಮಾನ ಕಳೆದು ಬಂದಿದ್ದೀಯ."

ಆ ಕುರಿ ಕಾಯುವವರು ನನ್ನ ಅಂಗಿಯ ಜೇಬನ್ನು ನೋಡಿ "ಅದೇನು?" ಎಂದರು. ನೋಡಿದರೆ ಕಡಲೆ ಮಿಠಾಯಿ ಬಿಸಿಲಿಗೆ ಕರಗಿ ಜೇಬೆಲ್ಲ ಬೆಲ್ಲದ ಪಾಕ. ಇದನ್ನು ಹೇಳಿದ್ದೇ ತಪ್ಪಾಯಿತು.

"ದರೋಜಿ ಕರಡಿಧಾಮದಲ್ಲಿ ಏನು ಮಾಡುತ್ತಾರೆ ಗೊತ್ತೇ?" ಎಂದು ವಕೀಲ ಎದ್ದು ಕುಳಿತ. "ಬಂಡೆಗಳಿಗೆ ಜೇನು, ಬೆಲ್ಲದ ಪಾಕ ಸವರುತ್ತಾರೆ. ಕರಡಿ ವಾಸನೆ ಹಿಡಿದು ಬಂದು ನೆಕ್ಕುತ್ತದೆ. ಪ್ರವಾಸಿಗರು ದೂರದಿಂದ ನೋಡುತ್ತಾರೆ. ನೀನು ಆ ಬಂಡೆಯಾಗಿ ಕಾಡಿನಲ್ಲಿ ತಿರುಗಿದ್ದೀಯ."

ಆಮೇಲೂ ಸ್ವಲ್ಪ ದೂರ ಹೋದೆ. ಒಬ್ಬನೇ ಹೋದೆ ಎಂದು ಇವರು ದೂರುತ್ತಾರೆ, ಆದರೆ ಒಬ್ಬನೇ ಇದ್ದದ್ದು ಏರಿಯ ಮೇಲೆ ಬಾಳೆಹಣ್ಣು ತಿಂದಷ್ಟು ಹೊತ್ತು ಮಾತ್ರ. ದಾರಿ ಕವಲೊಡೆದಲ್ಲೆಲ್ಲ ಮೂವರೂ ತಲೆಯೊಳಗೆ ಎದ್ದು ಕುಳಿತರು. ವಕೀಲ ಎಡಕ್ಕೆ ಎಂದ, ಅವನು ಎಡಕ್ಕೆ ಎಂದ ಕಾರಣಕ್ಕೆ ಔಷಧಿ ಅಂಗಡಿಯವನು ಬಲಕ್ಕೆ ಎಂದ, ಮೇಷ್ಟರು ಸೂರ್ಯನ ಕೋನ ಅಳೆದರು. ಮೊಬೈಲ್ ತೆರೆದು ನಕ್ಷೆ ನೋಡಿದೆ. ಸಿಗ್ನಲ್ ಇಲ್ಲದ ನಕ್ಷೆಯಲ್ಲಿ ನೀಲಿ ಚುಕ್ಕೆಯಾದ ನಾನು ಕೆರೆಯ ನಟ್ಟನಡುವೆ ನಿಂತಿದ್ದೆ. ಅದನ್ನು ದಡ ಸೇರಿಸುವ ಮೊದಲೇ ಬ್ಯಾಟರಿ ಮುಗಿಯಿತು.

ಎಡಕ್ಕೇ ಹೋದೆ. ಖಾಕಿ ತೊಟ್ಟ ಅರಣ್ಯ ವೀಕ್ಷಕರೊಬ್ಬರು ಎದುರಾದರು. ನನ್ನನ್ನು ಚಪ್ಪಲಿಯಿಂದ ಚೀಲದವರೆಗೆ ನೋಡಿ "ಏನು ತರಲು ಬಂದಿರಿ?" ಎಂದರು. ನಿಜ ಹೇಳಿದೆ. "ಕೊತ್ತಂಬರಿ ಸೊಪ್ಪು" ಎಂದೆ.

"ಅಯ್ಯೋ!" ಎಂದ ವಕೀಲ, ನೋವಿನಿಂದ. "ಕಾಡುತ್ಪನ್ನ ಸಂಗ್ರಹದ ಉದ್ದೇಶವನ್ನು ನೀನೇ ಒಪ್ಪಿಕೊಂಡಂತಾಯಿತು! ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಟ್ಟರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನಿನಲ್ಲಿ ಕಾದಿರಿಸಬೇಕೆಂದು ಬಿಗಿ ಮಾಡಿದ್ದಾರೆ. ನೀನು ಏನನ್ನು ಕಾದಿರಿಸಿದ್ದೆ?"

"ಕಿಟಕಿಯ ಸೀಟು."

ಅರಣ್ಯ ವೀಕ್ಷಕರು ಒಳ್ಳೆಯವರು. ಇಲ್ಲಿಂದ ಮುಂದೆ ಬಿಡುವಂತಿಲ್ಲ, ಸಂಜೆಯಾದರೆ ಕರಡಿಯಷ್ಟೇ ಅಲ್ಲ ಚಿರತೆಯೂ ಇದೆ ಎಂದು ಹೇಳಿ ಏರಿಯವರೆಗೆ ಜೊತೆಗೆ ಬಂದರು. ತಮ್ಮ ಬುತ್ತಿಯಿಂದ ಅರ್ಧ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟರು. ಮೂರು ವರ್ಷ ಪುಳಿಯೋಗರೆ, ಚಿತ್ರಾನ್ನ ಎಂದು ಕಚ್ಚಾಡಿದ ನಮಗೆ ರೊಟ್ಟಿ ಹೊಳೆದೇ ಇರಲಿಲ್ಲ. ಶಕುನಗಿರಿಯ ತುದಿಯನ್ನು ನಾನು ಮುಟ್ಟಲಿಲ್ಲ. ಬುಡದಿಂದ ನೋಡಿ, ಕತ್ತು ನೋಯಿಸಿಕೊಂಡು, ಬಂದೆ.

ಸಖರಾಯಪಟ್ಟಣದಲ್ಲಿ ಬಸ್ಸು ಹತ್ತುವ ಮೊದಲು ಕೊತ್ತಂಬರಿ ಕೊಂಡೆ. ಮನೆಗೆ ಬಂದು ಬಾಳೆಹಣ್ಣಿನ ಸಿಪ್ಪೆಯ ಪಕ್ಕದಿಂದ ಅದನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು: "ಇದು ಕೊತ್ತಂಬರಿಯಲ್ಲ, ಮೆಂತ್ಯ."

ಮೇಷ್ಟರು ಕೆಮ್ಮುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ನಾಲ್ವರೂ ಸೇರಿ ಹೋಗುವ ಮಾತು ಎದ್ದಿತು. ಅನುಮತಿ ಪತ್ರದ ಕೆಲಸ ವಕೀಲನದು, ಪೆಟ್ಟಿಗೆ ಔಷಧಿ ಅಂಗಡಿಯವನದು ಎಂದು ನಿಶ್ಚಯವಾಯಿತು. ರೊಟ್ಟಿಯಾದರೆ ಅಕ್ಕಿಯದೋ ರಾಗಿಯದೋ ಎಂಬಲ್ಲಿ ಮೇಷ್ಟರೂ ವಕೀಲನೂ ದನಿ ಎತ್ತಿದ್ದರು. ಆಗ ನನ್ನ ಮೊಬೈಲ್ ಬಡಿದುಕೊಂಡಿತು.

"ಯಾರು?" ಎಂದರು ಮೇಷ್ಟರು.

"ಮನೆಯಿಂದ. ಬರುವಾಗ ಕರಿಬೇವು ತರಬೇಕಂತೆ."

ಮೂರು ಕುರ್ಚಿಗಳು ಒಟ್ಟಿಗೆ ಹಿಂದಕ್ಕೆ ಸರಿದವು. ಔಷಧಿ ಅಂಗಡಿಯವನು ಚಪ್ಪಲಿ ಮೆಟ್ಟಿಕೊಂಡ. ಮೇಷ್ಟರು ಕೊಡೆ ಕೈಗೆತ್ತಿಕೊಂಡರು.

"ಕರಿಬೇವಿಗೆ ಬಸ್ಸು ಎಷ್ಟು ಗಂಟೆಗೆ?" ಎಂದ ವಕೀಲ.