ಸಹಾಯ ಬೇಕು: ಸೈಕ್ಲೋಹೆಕ್ಸಿಮೈಡ್ ಹಾಕಿದರೂ ಸೀಲಿಯಾ ಅರ್ಧಕ್ಕೆ ನಿಲ್ತಿಲ್ಲ

ನಮಸ್ಕಾರ. ದಾವಣಗೆರೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್, ಜೀವಿ ಕ್ಲ್ಯಾಮಿಡೋಮೊನಾಸ್ (ಒಂದೇ ಕೋಶದ ಹಸಿರು ಪಾಚಿ). ಇದರ ಸೀಲಿಯಾ, ಅಂದ್ರೆ ಈಜೋಕೆ ಬಳಸುವ ಕೂದಲಿನಂಥ ಎಳೆಗಳನ್ನು, ಕಳಚಿಸಿ ಅವು ಮತ್ತೆ ಎಷ್ಟು ಬೆಳೀತವೆ ಅಂತ ಅಳೀತಿದ್ದೀವಿ. ಸೈಕ್ಲೋಹೆಕ್ಸಿಮೈಡ್ ಸೀಲಿಯಾವನ್ನು ನೇರವಾಗಿ ಮುಟ್ಟಲ್ಲ, ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತೆ. ಕೋಶದಲ್ಲಿ ಮೊದಲೇ ಇರುವ ಪ್ರೋಟೀನ್ ದಾಸ್ತಾನಿನಿಂದ ಸೀಲಿಯಾ ಸುಮಾರು ಅರ್ಧ ಉದ್ದ ಬೆಳೆದು ನಿಲ್ಲಬೇಕು. ನಮ್ಮಲ್ಲಿ ನಿಲ್ತಾ ಇಲ್ಲ.

ಕೋಶಗಳನ್ನು ಕಲಕುತ್ತಾ 0.5 ನಾರ್ಮಲ್ ಅಸಿಟಿಕ್ ಆಮ್ಲ ಹನಿಹನಿಯಾಗಿ ಬಿಟ್ಟು ಪಿಎಚ್ 4.5ಕ್ಕೆ ಇಳಿಸಿ ಸೀಲಿಯಾ ಕಳಚಿಸ್ತೀವಿ. 45 ಸೆಕೆಂಡ್ ಬಿಟ್ಟು ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಿಂದ ವಾಪಸ್ 7ಕ್ಕೆ. ತಕ್ಷಣ ಮಿ.ಲೀ.ಗೆ 10 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್. ಬೆಳಕಿನಲ್ಲಿ 25 ಡಿಗ್ರಿಗೆ 2 ಗಂಟೆ ಇಟ್ಟು, ಲುಗಾಲ್ ಅಯೋಡಿನ್ ಹಾಕಿ (ಕೋಶಗಳನ್ನು ಇದ್ದ ಹಾಗೇ ನಿಲ್ಲಿಸೋಕೆ) 50 ಕೋಶಗಳ ಸೀಲಿಯಾ ಅಳೀತೀವಿ. ಔಷಧಿ ಇಲ್ಲದ್ದು 11 ಮೈಕ್ರೋಮೀಟರ್, ಔಷಧಿ ಇರೋದು 9. ಆರರ ಹತ್ತಿರ ಬರಬೇಕಿತ್ತು.

ಆಮ್ಲ ಹಾಕಿದ ಕೂಡಲೇ ತೆಗೆದ ಸ್ಯಾಂಪಲ್‌ನಲ್ಲಿ ಕೋಶಗಳೆಲ್ಲ ಬೋಳು, ಅಂದ್ರೆ ಕಳಚೋದು ಸರಿಯಾಗೇ ಆಗ್ತಿದೆ. ಕೊಲ್ಚಿಸಿನ್ (ಪ್ರೋಟೀನ್‌ಗಳು ಸೇರಿ ಸೀಲಿಯಾ ಕಟ್ಟೋದನ್ನೇ ತಡೆಯೋ ಔಷಧಿ) ಹಾಕಿದ ಟ್ಯೂಬ್‌ನಲ್ಲಿ ಬೆಳವಣಿಗೆನೇ ಇಲ್ಲ. ಸೈಕ್ಲೋಹೆಕ್ಸಿಮೈಡ್‌ನ ಹೊಸ ಸ್ಟಾಕ್ ದ್ರಾವಣ ಮಾಡಿದ್ರೂ ಅದೇ 9. ಔಷಧಿ ಇರುವಾಗಲೇ ಎರಡನೇ ಸಲ ಕಳಚಿಸಿದ್ರೆ, ದಾಸ್ತಾನು ಮೊದಲ ಸಲವೇ ಖರ್ಚಾಗಿರೋದ್ರಿಂದ ಏನೂ ಬೆಳೀಬಾರದು, ಆದ್ರೆ 3 ಮೈಕ್ರೋಮೀಟರ್ ಬಂತು. ಅಲ್ಲಿಗೆ ಪ್ರೋಟೀನ್ ತಯಾರಿಕೆ ಪೂರ್ತಿ ನಿಂತಿಲ್ಲ ಅನ್ನೋದು ಖಾತ್ರಿ.

ಅನುಮಾನ ಎರಡು. ಕ್ಷಾರ ಒಂದು ಹನಿ ಜಾಸ್ತಿಯಾದ್ರೂ ಪಿಎಚ್ 8 ದಾಟುತ್ತೆ (ಹಾಳಾದ್ದು ಆ ಮೀಟರ್ ನಿಧಾನ), ಕ್ಷಾರದಲ್ಲಿ ಸೈಕ್ಲೋಹೆಕ್ಸಿಮೈಡ್ ಕೆಟ್ಟು ಹೋಗುತ್ತೆ. ಇಲ್ಲಾ, ಔಷಧಿ ಒಳಗೆ ಹೋಗಿ ಕೆಲಸ ಶುರು ಮಾಡೋಷ್ಟರಲ್ಲಿ ಹೊಸ ಪ್ರೋಟೀನ್ ತಯಾರಾಗಿರುತ್ತೆ.

ಮಾಡಿದವರು ಹೇಳಿ: ಔಷಧಿಯನ್ನು ಆಮ್ಲಕ್ಕೆ ಮುಂಚೆ ಹಾಕ್ಬೇಕಾ, ಎಷ್ಟು ನಿಮಿಷ ಮುಂಚೆ? ಪಿಎಚ್ 7 ದಾಟದಂತೆ ಯಾವ ಬಫರ್ ಬಳಸ್ತೀರಿ?