ತಿಂಗಳ ದಿನಸಿ ದುಡ್ಡು ಮೂರನೇ ವಾರಕ್ಕೇ ಖಾಲಿ: ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸುತ್ತೀರಿ?

ಕೇಳಿದವರು:
ಮನೆಯಲ್ಲಿ ನಾವು ನಾಲ್ಕು ಜನ. ಸಂಬಳ ಬಂದ ದಿನವೇ ದಿನಸಿಗೆ ಅಂತ ಒಂದು ಮೊತ್ತ ತೆಗೆದಿಡುತ್ತೇನೆ. ಮೂರನೇ ವಾರ ಮುಗಿಯುವಷ್ಟರಲ್ಲಿ ಅದು ಖಾಲಿ. ಉಳಿದ ದಿನಗಳಿಗೆ ಬೇರೆ ಖರ್ಚಿನ ದುಡ್ಡು ಎಳೆದು ಹಾಕಬೇಕು. ದುಂದು ಮಾಡುವ ಮನೆ ನಮ್ಮದಲ್ಲ, ಹೊರಗೆ ತಿನ್ನುವುದೂ ಕಡಿಮೆ. ಆದರೂ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಬೇಡ, ಅದನ್ನು ನಮ್ಮತ್ತೆ ಹೇಳಿ ಆಗಿದೆ. ನೀವು ಮಾಡಿ ನೋಡಿದ್ದು ಇದ್ದರೆ ಹೇಳಿ.

ಇಬ್ಬರು ಮಕ್ಕಳ ಅಮ್ಮ:
ಮೊದಲು ಒಂದು ವಿಷಯ ಕೇಳಲಾ? ದಿನಸಿ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಏನೇನು ತರುತ್ತೀರಿ? ಸಾಮಾನ್ಯವಾಗಿ ಅದೇ ಬಿಲ್ಲಿನಲ್ಲಿ ಸೋಪು, ಬಟ್ಟೆ ಪುಡಿ, ಟೂತ್‌ಪೇಸ್ಟ್, ಕಸದ ಚೀಲ, ಬಲ್ಬು, ಮಗುವಿನ ಡೈಪರ್ ಎಲ್ಲಾ ಸೇರಿಕೊಂಡಿರುತ್ತದೆ. ಅಡುಗೆ ಖರ್ಚು ಜಾಸ್ತಿಯಾಯಿತು ಅಂತ ಜನ ತರಕಾರಿಗೆ ಕತ್ತರಿ ಹಾಕುತ್ತಾರೆ. ದುಡ್ಡು ಹೋಗುತ್ತಿರುವುದು ಬೇರೆ ಕಡೆ.

ಹಳೆಯ ಬಿಲ್ಲುಗಳಿದ್ದರೆ ಮೂರು ತಿಂಗಳದ್ದು ಹರಡಿಕೊಂಡು ಕೂತುಕೊಳ್ಳಿ. ಮೂರು ಬಣ್ಣದ ಪೆನ್ನು ಸಾಕು. ಅಡುಗೆಗೆ ಬೇಕಾದದ್ದಕ್ಕೆ ಒಂದು ಬಣ್ಣ. ತೊಳೆಯುವ, ಉಜ್ಜುವ ಸಾಮಾನಿಗೆ ಒಂದು. ಬಿಸ್ಕತ್ತು, ಚಿಪ್ಸ್, ಜ್ಯೂಸು ಅಂತ ಬಾಯಾಡಿಸುವುದಕ್ಕೆ ಇನ್ನೊಂದು. ಗೆರೆ ಎಳೆದು ಬೇರೆ ಬೇರೆ ಕೂಡಿಸಿ. ಅಕ್ಕಿ, ಬೇಳೆ, ಎಣ್ಣೆ ಹೆಚ್ಚು ಕಮ್ಮಿ ಒಂದೇ ಅಳತೆಯಲ್ಲಿ ಇರುತ್ತವೆ. ಕುಣಿಯುವುದು ಉಳಿದ ಎರಡು ಬಣ್ಣ.

ಇನ್ನೊಂದು ಮಾತು. ದೊಡ್ಡ ಪ್ಯಾಕೆಟ್ ಬಟ್ಟೆ ಪುಡಿ ತಂದರೆ ಎರಡು ತಿಂಗಳಾದರೂ ಬರುತ್ತದೆ. ತಂದ ತಿಂಗಳು ಬಜೆಟ್ ಕೈ ಮೀರಿತು ಅನಿಸುತ್ತದೆ. ಮುಂದಿನ ತಿಂಗಳು ದುಡ್ಡು ಉಳಿಯಿತು ಅನಿಸುತ್ತದೆ. ಎರಡೂ ನಿಜವಲ್ಲ. ಅದಕ್ಕೇ ನಾನು ಆ ಸಾಮಾನಿಗೆ ಬೇರೆ ಲಕೋಟೆ ಮಾಡಿದ್ದೇನೆ. ತಿಂಗಳಿಗೆ ಇಷ್ಟು ಅಂತ ಹಾಕುತ್ತಾ ಹೋಗುವುದು, ಮುಗಿದಾಗ ಅದರಿಂದಲೇ ತರುವುದು. ಅಡುಗೆ ಲೆಕ್ಕ ಆಮೇಲೆ ಸುಳ್ಳು ಹೇಳುವುದಿಲ್ಲ.

ಒಬ್ಬನೇ ಇರುವವನು:
ತಿಂಗಳಿಗೆ ನಾಲ್ಕು ವಾರ ಅಂತ ಭಾಗ ಮಾಡುತ್ತಿದ್ದೀರಾ? ಹಾಗಾದರೆ ತೊಂದರೆ ಅಲ್ಲಿಯೂ ಇದೆ. 30 ದಿನ ಅಂದರೆ ನಾಲ್ಕು ವಾರ ಮತ್ತು ಎರಡು ದಿನ. 31 ಆದರೆ ಮೂರು ದಿನ. ಆ ಕೊನೆಯ ದಿನಗಳಿಗೆ ದುಡ್ಡೇ ಇಟ್ಟಿರುವುದಿಲ್ಲ.

ನಾನು ಮಾಡುವುದು ಹೀಗೆ. ನಿಮ್ಮ ಮೊತ್ತ 100 ಭಾಗ ಅಂದುಕೊಳ್ಳಿ. ತಿಂಗಳ ಮೊದಲಲ್ಲೇ ಒಟ್ಟಿಗೆ ತರುವ ಅಕ್ಕಿ, ಹಿಟ್ಟು, ಎಣ್ಣೆ, ಸಕ್ಕರೆಗೆ 55 ಭಾಗ ಹೋಯಿತು ಅನ್ನಿ. ಉಳಿದ 45ನ್ನು 30ರಿಂದ ಭಾಗಿಸಿ, ದಿನಕ್ಕೆ ಒಂದೂವರೆ. ವಾರಕ್ಕೆ 10.5. ನಾಲ್ಕು ವಾರಕ್ಕೆ 42 ಆಯಿತು, ಕೊನೆಯ ಎರಡು ದಿನಕ್ಕೆ 3 ಉಳಿಯಿತು. ಪ್ರತಿ ವಾರ ಆ ಹತ್ತೂವರೆ ಮಾತ್ರ ಕೈಗೆ ಬರಬೇಕು. ತರಕಾರಿ, ಹಾಲು, ಹಣ್ಣು, ಮೊಟ್ಟೆ, ಬ್ರೆಡ್ ಎಲ್ಲಾ ಅದರಲ್ಲೇ.

ತಿಂಗಳ ದುಡ್ಡು ಒಟ್ಟಿಗೆ ಕಣ್ಣೆದುರು ಇದ್ದರೆ ಮೊದಲ ವಾರ ಎಲ್ಲರೂ ಶ್ರೀಮಂತರೇ. ಫೋನಿನಲ್ಲಿ ದುಡ್ಡು ಕೊಡುವವರಾದರೆ ಲಕೋಟೆ ಕೆಲಸಕ್ಕೆ ಬರುವುದಿಲ್ಲ. ಬೇರೆ ಒಂದು ಖಾತೆ ಇಟ್ಟು, ವಾರಕ್ಕೊಮ್ಮೆ ಆ ವಾರದ ಭಾಗ ಮಾತ್ರ ಅದಕ್ಕೆ ಹಾಕಿ. ಆ ಖಾತೆಯಿಂದ ಮಾತ್ರ ಅಂಗಡಿಗೆ ಕೊಡಿ.

ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಬಿಲ್ಲು ತೆಗೆದು ನೋಡಿದೆ. ದೊಡ್ಡ ಬಿಲ್ಲು ಪ್ರತಿ ತಿಂಗಳೂ ಅಷ್ಟೇ ಇದೆ. ಆದರೆ ಮಧ್ಯೆ ಮಧ್ಯೆ ಸಣ್ಣ ಬಿಲ್ಲುಗಳ ರಾಶಿ. ಹಾಲು ತರೋಕೆ ಹೋದದ್ದು, ಕೊತ್ತಂಬರಿ ತರೋಕೆ ಹೋದದ್ದು. ಹಾಲಿನ ಬಿಲ್ಲಿನಲ್ಲಿ ಹಾಲು ಒಂದು ಸಾಲು, ಬೇರೆಯದು ಆರು ಸಾಲು.

ಅಂಗಡಿಯಲ್ಲಿ ಕೆಲಸ ಮಾಡಿದವರು:
ನೋಡಿ, ಸೋರುವ ಜಾಗ ಸಿಕ್ಕಿತು ಅಲ್ವಾ. ನಾನು ದೊಡ್ಡ ದಿನಸಿ ಮಳಿಗೆಯಲ್ಲಿ ಸಾಮಾನು ಜೋಡಿಸುವ ಕೆಲಸದಲ್ಲಿದ್ದೆ. ಹಾಲು, ಮೊಟ್ಟೆ ಹಿಂದುಗಡೆ ಇರುತ್ತವೆ. ಅಲ್ಲಿಗೆ ತಲುಪಬೇಕಾದರೆ ಉಳಿದದ್ದೆಲ್ಲ ದಾಟಿ ಹೋಗಬೇಕು. ಅಂಗಡಿಗೆ ಲಾಭ ಜಾಸ್ತಿ ತರುವ ಸಾಮಾನು ಕಣ್ಣಿನ ಮಟ್ಟದಲ್ಲಿ, ಅಗ್ಗದ್ದು ಕೆಳಗಿನ ಸಾಲಿನಲ್ಲಿ. ಮಕ್ಕಳ ಸಿಹಿ ತಿಂಡಿ ಮಕ್ಕಳ ಕಣ್ಣಿನ ಮಟ್ಟದಲ್ಲಿ. ಬಿಲ್ಲು ಹಾಕಿಸುವ ಕಡೆ ಚಾಕಲೇಟು, ಚ್ಯೂಯಿಂಗ್ ಗಮ್. ಸರದಿಯಲ್ಲಿ ನಿಂತಿರುವಾಗ ಕೈ ಸುಮ್ನೆ ಇರುವುದಿಲ್ಲ.

ತಳ್ಳುವ ಗಾಡಿಯ ಕಥೆಯೂ ಹೀಗೇ. 1937ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿ ಮಾಲೀಕ ಅದನ್ನು ಬಳಕೆಗೆ ತಂದ. ಕೈಬುಟ್ಟಿ ಭಾರವಾದ ಕೂಡಲೇ ಗಿರಾಕಿಗಳು ಖರೀದಿ ನಿಲ್ಲಿಸುತ್ತಾರೆ ಅನ್ನುವುದು ಅವನಿಗೆ ಕಂಡಿತ್ತು. ಅಂದಮೇಲೆ ನೀವು ಅದನ್ನೇ ತಿರುಗಿಸಿ. ಹಾಲಿಗೆ ಹೋದಾಗ ಗಾಡಿ ಮುಟ್ಟಬೇಡಿ, ಬುಟ್ಟಿಯೂ ಬೇಡ. ಕೈಯಲ್ಲಿ ಹಿಡಿಯುವಷ್ಟೇ ತನ್ನಿ. ಹೊಟ್ಟೆ ಹಸಿದಾಗ ಹೋಗಬೇಡಿ ಅನ್ನುವುದು ಹಳೇ ಮಾತು, ಆದರೂ ನಿಜ.

ಇನ್ನು ಬೆಲೆ ನೋಡುವ ರೀತಿ. ಪ್ಯಾಕೆಟ್ ಮೇಲಿನ ಬೆಲೆ ನೋಡಬೇಡಿ, ತೂಕ ನೋಡಿ. ಮೊದಲು ಒಂದು ಕಿಲೋ ಇದ್ದ ಪ್ಯಾಕೆಟ್ ಈಗ 850 ಗ್ರಾಂ ಆಗಿ, ಬೆಲೆ ಹಾಗೇ ಇದ್ದರೆ, ಬೆಲೆ ಏರಲಿಲ್ಲ ಅಂತ ಖುಷಿ ಪಡುವ ಹಾಗಿಲ್ಲ. ಕಿಲೋ ಲೆಕ್ಕದಲ್ಲಿ ಅದು ಸುಮಾರು ಶೇ. 18ರಷ್ಟು ಏರಿದೆ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೂರರಿಂದ ಗುಣಿಸಿ, 100 ಗ್ರಾಂಗೆ ಎಷ್ಟು ಅಂತ ಬರುತ್ತದೆ. ಫೋನಿನಲ್ಲಿ ಅರೆ ನಿಮಿಷದ ಕೆಲಸ. ಎಲ್ಲದಕ್ಕೂ ಬೇಡ, ನಿಮ್ಮ ಬಿಲ್ಲಿನಲ್ಲಿ ಭಾರವಾಗಿರುವ ಹತ್ತು ಸಾಮಾನಿಗೆ ಮಾಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಆಫರ್ ಬೋರ್ಡು ನಿಜವೋ ಸುಳ್ಳೋ ನಿಂತಲ್ಲೇ ಗೊತ್ತಾಗುತ್ತದೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತೇನೂ ಇಲ್ಲ.

ಬಾಡಿಗೆ ಮನೆಯಲ್ಲಿ ಗೆಳತಿಯರ ಜೊತೆ:
ಸರ್, ಅಗ್ಗ ಆದರೂ ನಮ್ಮಂಥವರಿಗೆ ಆಗಲ್ಲ. ದೊಡ್ಡ ಪ್ಯಾಕೆಟ್ ತರೋಕೆ ಒಟ್ಟಿಗೆ ದುಡ್ಡು ಬೇಕು, ಇಡೋಕೆ ಜಾಗ ಬೇಕು. ಎರಡೂ ಇಲ್ಲ. ಮನೆಯಲ್ಲಿ ಜಾಸ್ತಿ ಇದ್ದರೆ ಜಾಸ್ತಿಯೇ ಖರ್ಚಾಗುತ್ತದೆ, ಅದನ್ನೂ ಹೇಳಿ. ಡಬ್ಬ ತುಂಬಾ ಬಿಸ್ಕತ್ತು ಇದ್ದರೆ ಯಾರೂ ಎಣಿಸಿ ತಿನ್ನುವುದಿಲ್ಲ.

ಅಂಗಡಿಯಲ್ಲಿ ಕೆಲಸ ಮಾಡಿದವರು:
ಒಪ್ಪಿದೆ ತಂಗಿ. ಕೆಡದ, ಬಾಯಾಡಿಸಲಾಗದ ಸಾಮಾನಿಗೆ ಮಾತ್ರ ದೊಡ್ಡ ಪ್ಯಾಕೆಟ್. ಉಪ್ಪು, ಬಟ್ಟೆ ಪುಡಿ, ಅಕ್ಕಿ. ಗೆಳತಿಯರು ಸೇರಿ ಒಂದು ದೊಡ್ಡದು ತಂದು ತೂಕ ಮಾಡಿ ಹಂಚಿಕೊಳ್ಳಬಹುದು. ಆದರೆ ದುಡ್ಡು ಮೊದಲೇ ಕೂಡಿಸಿಕೊಳ್ಳಿ, ಆಮೇಲೆ ಕೊಡುತ್ತೇನೆ ಅಂದವರ ಹತ್ತಿರ ವಸೂಲಿ ಮಾಡುವುದು ಅಗ್ಗದ ಅಕ್ಕಿಗಿಂತ ದುಬಾರಿ.

ಮೊಮ್ಮಕ್ಕಳ ಅಜ್ಜ:
ಎಲ್ಲರೂ ತರುವುದರ ಬಗ್ಗೆ ಹೇಳಿದಿರಿ. ನಾನು ಬಿಸಾಡುವುದರ ಬಗ್ಗೆ ಹೇಳುತ್ತೇನೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿದೆ. ಅದರಲ್ಲಿ ಶೇ. 60ರಷ್ಟು ಮನೆಗಳಿಂದಲೇ. ಸರಾಸರಿ ತೆಗೆದರೆ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ 79 ಕಿಲೋ. ಸಿಪ್ಪೆ, ಮೂಳೆಯೂ ಆ ಲೆಕ್ಕದಲ್ಲಿ ಸೇರಿದೆ, ನಿಜ. ಆದರೂ ನಾಲ್ಕು ಜನರ ಮನೆಗೆ 300 ಕಿಲೋ ದಾಟಿತು. ಅಷ್ಟಕ್ಕೂ ನೀವು ದುಡ್ಡು ಕೊಟ್ಟೇ ತಂದಿರುತ್ತೀರಿ.

ನಮ್ಮ ಫ್ರಿಜ್ಜಿನಲ್ಲಿ ಕಣ್ಣಿಗೆ ಬೀಳುವ ಅಂತಸ್ತಿನಲ್ಲಿ ಮುಂದುಗಡೆ ಒಂದು ಅಗಲವಾದ ಡಬ್ಬ ಇದೆ. ಅದಕ್ಕೆ ಮುಚ್ಚಳ ಇಲ್ಲ. ಅರ್ಧ ಹೆಚ್ಚಿದ ಈರುಳ್ಳಿ, ಒಂದೇ ಉಳಿದ ಕ್ಯಾರೆಟ್, ಮೆತ್ತಗಾಗುತ್ತಿರುವ ಟೊಮೇಟೊ, ನಾಳೆ ತಾರೀಕು ಮುಗಿಯುವ ಮೊಸರು, ಎಲ್ಲಾ ಅದರಲ್ಲಿ. ಅಡುಗೆಗೆ ಕೈ ಹಾಕುವವರು ಮೊದಲು ಆ ಡಬ್ಬ ನೋಡಬೇಕು. ಏನು ಅಡುಗೆ ಅನ್ನುವುದನ್ನು ಆ ಡಬ್ಬವೇ ಹೇಳುತ್ತದೆ. ಮೊಮ್ಮಗಳು ಅದಕ್ಕೆ ಆಸ್ಪತ್ರೆ ಅಂತ ಹೆಸರಿಟ್ಟಿದ್ದಾಳೆ. ಹೊಸದಾಗಿ ತಂದದ್ದು ಹಿಂದೆ, ಹಳೆಯದು ಮುಂದೆ. ಡಬ್ಬಿಗಳಲ್ಲೂ ಹಾಗೇ, ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿಯುವುದಿಲ್ಲ. ಹಳೆಯದನ್ನು ತೆಗೆದು, ಹೊಸದು ಹಾಕಿ, ಅದರ ಮೇಲೆ ಹಳೆಯದು.

ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ, ಫ್ರೀಜರ್ ಮೈನಸ್ 18. ಮಾಡಿದ ಅಡುಗೆ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹೋಗಲಿ, ಬೇಗ ತಣಿಯುವ ಹಾಗೆ ಅಗಲವಾದ ಪಾತ್ರೆಗೆ ಹಾಕಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಸೇಬು, ಬಾಳೆಹಣ್ಣು ಮಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ, ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ. ಪ್ಯಾಕೆಟ್ ಮೇಲಿನ ತಾರೀಕಿನಲ್ಲೂ ಎರಡು ಬಗೆ ಇದೆ. ಇಂಥ ದಿನದೊಳಗೆ ಬಳಸಲೇಬೇಕು ಅಂತಿದ್ದರೆ ಅದು ಸುರಕ್ಷತೆಯ ಮಾತು, ದಾಟಿದರೆ ತಿನ್ನಬೇಡಿ. ಇಂಥ ದಿನದವರೆಗೆ ಚೆನ್ನಾಗಿರುತ್ತದೆ ಅಂತಿದ್ದರೆ ಅದು ರುಚಿ, ಗುಣದ ಮಾತು. ಎರಡನ್ನೂ ಒಂದೇ ಅಂದುಕೊಂಡು ಒಳ್ಳೆಯ ಸಾಮಾನು ಎಸೆಯುವವರು ಬಹಳ.

ಲೆಕ್ಕ ಬರೆಯಲು ಬೇಜಾರು ಇರುವವರು:
ನನ್ನಿಂದ ದಿನಾ ಪುಸ್ತಕ ಬರೆಯೋಕೆ ಆಗಲ್ಲ. ಅಂಥವರಿಗೆ ಒಂದು ದಾರಿ: ಬಿಲ್ಲಿನ ಫೋಟೋ ತೆಗೆದು ಒಂದೇ ಫೋಲ್ಡರಿಗೆ ಹಾಕಿ. ಭಾನುವಾರ ಮೊತ್ತ ಮಾತ್ರ ಕೂಡಿಸಿ. ಅಷ್ಟೇ.

ಕೇಳಿದವರು:
ಅಜ್ಜ, ಆ ಆಸ್ಪತ್ರೆ ಡಬ್ಬ ಇವತ್ತೇ ಇಡುತ್ತೇನೆ. ಮಕ್ಕಳ ತಿಂಡಿಗೆ ಏನು ಮಾಡೋದು? ಬೇಡ ಅಂದರೆ ಮನೆಯಲ್ಲಿ ಯುದ್ಧ. ವಾರದ ಅಡುಗೆ ಮೊದಲೇ ಬರೆದಿಡಿ ಅಂತಾರಲ್ಲ, ಅದು ನಿಜಕ್ಕೂ ನಡೆಯುತ್ತಾ?

ಇಬ್ಬರು ಮಕ್ಕಳ ಅಮ್ಮ:
ಬೇಡ ಅನ್ನಲೇಬೇಡಿ. ವಾರದ ತಿಂಡಿ ಭಾನುವಾರವೇ ಒಂದು ಡಬ್ಬಕ್ಕೆ ಹಾಕಿ ಅವರ ಕೈಗೇ ಕೊಡಿ. ಯಾವಾಗ ತಿನ್ನುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ಖಾಲಿಯಾದರೆ ಮುಂದಿನ ಭಾನುವಾರದ ತನಕ ಹಣ್ಣು. ನಮ್ಮ ದೊಡ್ಡವನು ಮೊದಮೊದಲು ಮಂಗಳವಾರಕ್ಕೇ ಮುಗಿಸುತ್ತಿದ್ದ. ಈಗ ತಂಗಿಯ ಪಾಲಿನ ಮೇಲೆ ಕಣ್ಣಿಟ್ಟು ವ್ಯಾಪಾರ ಮಾಡುತ್ತಾನೆ, ಅದು ಬೇರೆ ಮಾತು.

ಏಳು ದಿನಕ್ಕೆ ಏಳು ಅಡುಗೆ ಅಂತ ಬರೆದರೆ ಬುಧವಾರಕ್ಕೆ ಎಲ್ಲಾ ತಲೆಕೆಳಗು. ನಾನು ನಾಲ್ಕು ದಿನದ್ದು ಮಾತ್ರ ಬರೆಯುತ್ತೇನೆ. ಉಳಿದ ಮೂರು ದಿನ ಮಿಕ್ಕಿದ್ದು, ಸುಲಭದ್ದು, ಮನೆಯಲ್ಲಿ ಇದ್ದದ್ದು. ಪಟ್ಟಿ ಬರೆಯುವ ಮೊದಲು ಡಬ್ಬಿಗಳನ್ನು ತೆರೆದು ನೋಡಿ, ನೆನಪಿನಿಂದ ಬರೆಯಬೇಡಿ. ಇಲ್ಲದಿದ್ದರೆ ಇರುವ ಸಾಸಿವೆ ಮೇಲೆ ಇನ್ನೊಂದು ಪ್ಯಾಕೆಟ್ ಸಾಸಿವೆ ಬರುತ್ತದೆ.

ಮೊಮ್ಮಕ್ಕಳ ಅಜ್ಜ:
ಒಂದು ವಿಷಯ ಯಾರೂ ಎತ್ತಲಿಲ್ಲಮ್ಮ. ನೀವು ತೆಗೆದಿಡುವ ಮೊತ್ತವೇ ಕಡಿಮೆ ಇರಬಹುದು. ಅದನ್ನು ಯಾವಾಗ ನಿಗದಿ ಮಾಡಿದ್ದು? ಮಕ್ಕಳು ಚಿಕ್ಕವರಿದ್ದಾಗಲಾ? 1857ರಲ್ಲೇ ಎರ್ನ್‌ಸ್ಟ್ ಎಂಗೆಲ್ ಅನ್ನುವ ಜರ್ಮನ್ ಸಂಖ್ಯಾಶಾಸ್ತ್ರಜ್ಞ ಮನೆಗಳ ಖರ್ಚು ನೋಡಿ ಹೇಳಿದ್ದ, ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ ಅಂತ. ಆದ್ದರಿಂದ ಸಂಬಳದಲ್ಲಿ ಇಷ್ಟೇ ಶೇಕಡಾ ದಿನಸಿಗೆ ಅಂತ ಬೇರೆಯವರು ಹೇಳುವ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ನಿಮ್ಮದೇ ಮೂರು ತಿಂಗಳ ಸರಾಸರಿ ತೆಗೆದುಕೊಳ್ಳಿ. ಅದರಿಂದ ಶೇ. 5 ಮಾತ್ರ ಇಳಿಸಿ ನೋಡಿ. ಅದು ನಡೆದರೆ ಇನ್ನೊಂದು ಶೇ. 5. ಒಂದೇ ತಿಂಗಳಲ್ಲಿ ಕಾಲು ಭಾಗ ಕಡಿದರೆ ಮನೆಯವರೆಲ್ಲ ತಿರುಗಿ ಬೀಳುತ್ತಾರೆ.

ಕೇಳಿದವರು:
ಸರಿಯಾಗಿ ಹೇಳಿದಿರಿ, ಆ ಮೊತ್ತ ಹಳೆಯದೇ. ಕೊನೆಗೆ ಒಂದೇ ಪ್ರಶ್ನೆ. ಹೇಳದೆ ನೆಂಟರು ಬಂದರೆ ಆ ವಾರದ ಕಥೆ?

ಒಬ್ಬನೇ ಇರುವವನು:
ನೆಂಟರ ಖರ್ಚು ವಾರದ ದುಡ್ಡಿನಿಂದ ಬೇಡ. 100 ಭಾಗದಲ್ಲಿ 4 ಭಾಗ ಮೊದಲೇ ಪಕ್ಕಕ್ಕಿಡಿ, ಉಳಿದ 96ರಲ್ಲಿ ನಾನು ಹೇಳಿದ ಲೆಕ್ಕ ಮಾಡಿ. ಯಾರೂ ಬರದಿದ್ದರೆ ಅದು ಮುಂದಿನ ತಿಂಗಳಿಗೆ ಸೇರಲಿ. ಹಬ್ಬ ಇರುವ ತಿಂಗಳು ಹೇಗೂ ಬರುತ್ತದೆ, ಆಗ ಬೇಕಾಗುತ್ತದೆ.

ಇಬ್ಬರು ಮಕ್ಕಳ ಅಮ್ಮ:
ಆ 4 ಭಾಗ ಇರುವುದು ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿ. ಎಲ್ಲರಿಗೂ ಗೊತ್ತಾದರೆ ವಾರಕ್ಕೊಬ್ಬರು ನೆಂಟರು ಬಂದೇ ಬರುತ್ತಾರೆ.